ಶಹಾಪುರದಲ್ಲಿ ಕವಳಿ ಹಣ್ಣು

ಶಹಾಪುರ ಬಸ್‌ಸ್ಟ್ಯಾಂಡಿನ ಗೇಟಿನಲ್ಲಿ ಮುದುಕಿಯೊಬ್ಬಳು ಕವಳಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಗುಡ್ಡದಲ್ಲಿ ಬೇಸಿಗೆಯಲ್ಲೂ ಎಲೆ ಉದುರಿಸದ ಆ ಪೊದೆಯ ಟೊಂಗೆಯೊಂದು, ಬಿಳಿ ಹೂವಿನ ಸಮೇತ, ಹಣ್ಣಿನ ಮೇಲಿತ್ತು. ಮುರಿದಲ್ಲಿ ಹಾಲು ಇನ್ನೂ ಆರಿರಲಿಲ್ಲ.

ಗುರುಮಠಕಲ್ಲಿನಿಂದ ಬಂದ ನನ್ನವ್ವ ಇದಕ್ಕೆ ವಾಕ್ಕಾಯಿ ಅನ್ನುತ್ತಿದ್ದಳು. ನಮ್ಮ ಮನೆತನದಲ್ಲಿ ಮೊದಲ ಬಿ.ಎ. ನಾನೇ. ಪಾಸಾದ ದಿನ ಪೇಢೆಯ ಬದಲು ಓಣಿಗೆಲ್ಲ ಇದನ್ನೇ ಹಂಚಿದ್ದಳು. ಅವ್ವ ಹೋದ ಮೇಲೆ ಆ ಹೆಸರನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ.

“ವಾಕ್ಕಾಯಿ ಹ್ಯಾಂಗ ಕೊಡ್ತೀಬೇ ಯಮ್ಮಾ?” ಎಂದೆ.

“ಕವಳಿ ಅನ್ನೋ ತಮ್ಮಾ. ತೆಲುಗು ಸೀಮಿಯಂವೇನು ನೀ?” ಮುದುಕಿ ನಕ್ಕಳು.

“ನಮ್ಮವ್ವ ಹಂಗ ಅಂತಿದ್ಲು.”

ಅವಳ ನಗು ನಿಂತಿತು. “ಹಂಗಾರ ವಾಕ್ಕಾಯೇ ತಗೋ,” ಎಂದು ನನ್ನ ಬೊಗಸೆಗೆ ಸುರಿದಳು.

ನಾನು ಹತ್ತಬೇಕಿದ್ದ ಸುರಪುರದ ಬಸ್ಸು ಹೊರಡುತ್ತಿತ್ತು.

“ಇನ್ನೊಮ್ಮೆ ಅನ್ನಬೇ,” ಎಂದೆ.