ತಿಜಾನಿಯ ಮಗಳ ಉಪವಾಸ

ರಂಜಾನ್ ತಿಂಗಳಲ್ಲಿ ಮಧ್ಯಾಹ್ನ ಹತ್ತಿರವಾದಂತೆ ನಿದಾಲಳ ಕೈ ತಪ್ಪತೊಡಗುತ್ತಿತ್ತು. ಹಬ್ಬಕ್ಕೆ ಮಕ್ಕಳ ಬಟ್ಟೆ ಹೊಲಿಸಲು ಗಣಿಯೂರಾದ ಮೆತ್ಲಾವಿಯ ಅರ್ಧ ಜನ ಅವಳ ಅಂಗಡಿಗೆ ನುಗ್ಗುವ ಕಾಲ ಅದು. ತಲೆ ಎತ್ತಲು ಬಿಡುವಿಲ್ಲ. ಆದರೂ ಬಿಸಿಲು ನೆತ್ತಿಗೇರುತ್ತಿದ್ದಂತೆ ಅವಳು ಅಂಗಿಯ ಎಡತೋಳನ್ನು ಬಲಕ್ಕೆ ಕೂಡಿಸಿ, ನಾಲಗೆ ಕಚ್ಚಿಕೊಂಡು, ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚುತ್ತ ಕೂರುತ್ತಿದ್ದಳು. ಎದುರುಮನೆಯಿಂದ ಅಪ್ಪ ಊಟಕ್ಕೆ ಕರೆಯುವ ಹೊತ್ತು. ಕರೆದರೆ ಕಷ್ಟ, ಕರೆಯುವುದು ತಡವಾದರೆ ಅವನಿಗೇನಾಯಿತೋ ಎಂದು ಇನ್ನೂ ಕಷ್ಟ.

ಅಪ್ಪನೆಂದರೆ ಗಣಿಯ ತಿಜಾನಿ. ತಾಯಿ ಹರಕೆ ಹೊತ್ತು ಒಬ್ಬ ಸಂತನ ಹೆಸರನ್ನು ಇಟ್ಟಿದ್ದಳು. ಮಗ ಬೆಳೆದು ಸಂತನ ಜೊತೆಗೆ ದೇವರನ್ನೂ ಕೈಬಿಟ್ಟ. ಫಾಸ್ಫೇಟ್ ಗಣಿಯಲ್ಲಿ ಮೈ ಸವೆಸಿ, ಕಾರ್ಮಿಕ ಸಂಘದಲ್ಲಿ ಗಂಟಲು ಸವೆಸಿ, ದೊಡ್ಡ ಮುಷ್ಕರದ ವರ್ಷ ಜೈಲನ್ನೂ ಕಂಡು ಬಂದವನು. ಹುಟ್ಟಿದ ಮಗಳಿಗೆ ಹೋರಾಟ ಎಂಬ ಅರ್ಥ ಬರುವ ಹೆಸರಿಟ್ಟ. ಮಗು ಇನ್ನೂ ತೆವಳುತ್ತಿದ್ದಾಗ ಹೆಂಡತಿ ತೀರಿಕೊಂಡಳು. ಇನ್ನಾದರೂ ಇವನು ದೇವರ ಕಡೆ ತಿರುಗುತ್ತಾನೆ ಎಂದು ಊರವರು ಅಂದುಕೊಂಡರು. ಅವನು ಒಲೆಯ ಕಡೆ ತಿರುಗಿದ.

ಅಡುಗೆ ಕಲಿತ, ಮಗಳ ಜಡೆ ಹಾಕುವುದು ಕಲಿತ. ಆ ಮನೆಯಲ್ಲಿ ನಮಾಜು ಇರಲಿಲ್ಲ, ಮಧ್ಯಾಹ್ನದ ಊಟ ಇತ್ತು. ರಂಜಾನಿನಲ್ಲೂ ತಪ್ಪುತ್ತಿರಲಿಲ್ಲ. "ಹಸಿವು ಬಡವನ ಶತ್ರು ಕಣೇ. ಶತ್ರುನ ಮನೆಗೆ ಕರೆದು ತಿಂಗಳುಗಟ್ಟಲೆ ಕೂರಿಸ್ಕೊಳ್ಳೋಕೆ ನನಗೇನು ಹುಚ್ಚಾ?" ಎಂದು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ ಮಗಳಿಗೆ ಬಡಿಸುತ್ತಿದ್ದ. ಕಿಟಕಿ ಮುಚ್ಚುತ್ತಿದ್ದುದು ದೇವರಿಗೆ ಹೆದರಿ ಅಲ್ಲ. ಹಸಿದ ನೆರೆಯವರ ಮೂಗಿಗೆ ವಾಸನೆ ಹೋಗಬಾರದು ಎಂದು.

ಬೀದಿಯ ಉಳಿದ ಮಕ್ಕಳು ಅರ್ಧರ್ಧ ದಿನದ ಉಪವಾಸ ಮಾಡುತ್ತಿದ್ದರು. ಇವತ್ತಿನ ಬೆಳಗಿನ ಅರ್ಧ, ನಾಳೆಯ ಸಂಜೆಯ ಅರ್ಧ. ಎರಡನ್ನೂ ಸೇರಿಸಿ ಹೊಲಿದರೆ ಒಂದು ದಿನ ಪೂರ್ತಿಯಾಯಿತು ಎಂದು ಅಜ್ಜಿಯರು ಅವರನ್ನು ಮುದ್ದಿಸುತ್ತಿದ್ದರು. ಸಂಜೆ ಎಲ್ಲರೂ ಮೋಟುಗೋಡೆಯ ಮೇಲೆ ಸಾಲಾಗಿ ಕೂತು, ಕಾಲಾಡಿಸುತ್ತ, ಆಜಾನಿಗೆ ಕಾಯುತ್ತಿದ್ದರು. ಕೂಗು ಕೇಳಿದ್ದೇ ತಡ, ಕಿರುಚುತ್ತ ಮನೆಗೆ ಓಡುತ್ತಿದ್ದರು. ಹೊಟ್ಟೆ ತುಂಬಿದ ನಿದಾಲ್ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅವಳು ಎಲ್ಲಿಗೆ ಓಡಬೇಕು? ಅವಳು ಆಗಲೇ ಮನೆಯಲ್ಲಿದ್ದಳಲ್ಲ.

ಈಗ ಅವಳಿಗೆ ನಲವತ್ತು ದಾಟಿದೆ. ಕೆಲವು ವರ್ಷಗಳ ಹಿಂದೆ ಒಂದು ರಂಜಾನಿನಲ್ಲಿ, ಯಾರೂ ಹೇಳದೆ, ಸುಮ್ಮನೆ ನೋಡೋಣ ಎಂದು ಒಂದು ದಿನ ಉಪವಾಸವಿದ್ದಳು. ಮರುದಿನವೂ ಇದ್ದಳು. ಆಮೇಲೆ ಬಿಡಲಾಗಲಿಲ್ಲ. ನಮಾಜು ಸರಿಯಾಗಿ ಬಾರದು; ಅದಕ್ಕೆ ಮುಂಚೆ ತೊಳೆಯಬೇಕಾದ್ದು ಮುಖ ಮೊದಲೋ ಕೈ ಮೊದಲೋ ಎಂದು ನಲ್ಲಿಯ ಮುಂದೆ ತಡವರಿಸುತ್ತಾಳೆ. ತನಗೆ ಬೇಕಿರುವುದು ದೇವರೋ, ಆ ಮೋಟುಗೋಡೆಯ ಮೇಲೊಂದು ಜಾಗವೋ? ಈ ಪ್ರಶ್ನೆ ಅವಳನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಉತ್ತರ ಸಿಗುವ ತನಕ ಅಪ್ಪನಿಗೆ ಹೇಳುವುದು ಬೇಡ ಎಂದುಕೊಂಡಳು. ಉತ್ತರ ಸಿಗಲಿಲ್ಲ, ಹೇಳಲಿಲ್ಲ. ಗಣಿಯ ಧೂಳು ಅಪ್ಪನ ಕಣ್ಣನ್ನು ಮಂಜು ಮಾಡಿತ್ತು. ಅವನೆದುರು ಕೂತು, ತಟ್ಟೆಯಲ್ಲಿದ್ದುದನ್ನು ಮಡಿಲಿನ ಚೀಲಕ್ಕೆ ಜಾರಿಸಿ, ಬರಿಬಾಯಿ ಅಗಿಯುತ್ತ, "ಚೆನ್ನಾಗಿದೆ ಬಾಬಾ" ಎನ್ನುತ್ತಿದ್ದಳು. ಆ ಊಟವೆಲ್ಲ ಅಂಗಡಿಯ ಹಿಂದಿನ ಬೆಕ್ಕುಗಳ ಪಾಲು.

ಗುಟ್ಟು ರಟ್ಟಾದದ್ದು ಪಕ್ಕದ ಮನೆಯ ಮಬ್ರೂಕಾಳಿಂದ. ಒಳ್ಳೆಯ ಹೆಂಗಸೇ, ಆದರೆ ಬಾಯಿಗೆ ಬೀಗವಿಲ್ಲ. ಒಂದು ಬೆಳಿಗ್ಗೆ ತಿಜಾನಿಯ ಬಾಗಿಲಲ್ಲೇ ನಿಂತು ನಕ್ಕಳು: "ತಿಜಾನಿ ಅಣ್ಣ, ರಂಜಾನಲ್ಲಿ ಕುರಿಮಾಂಸದ ಕುಸ್ಕುಸ್ ತಿಂದು ಮೈ ಬೆಳೆಸೋ ಬೆಕ್ಕುಗಳನ್ನ ನಿನ್ನ ಮಗಳ ಅಂಗಡಿ ಹಿಂದೆ ಮಾತ್ರ ನೋಡಿದ್ದು ನಾನು. ದಿನಾ ಸುರೀತಾಳಲ್ಲ, ಅವಳಿಗೆ ಹಸಿವಾಗಲ್ವಾ?"

ಆ ಮಧ್ಯಾಹ್ನ ತಿಜಾನಿ ಮಗಳ ಮಡಿಲಿಗೆ ಕೈ ಹಾಕಿ ಚೀಲವನ್ನು ಎತ್ತಿ ಮೇಜಿನ ಮೇಲಿಟ್ಟ.

"ಯಾವ ಇಮಾಮ್ ನಿನ್ನ ತಲೆ ಕೆಡಿಸಿದ?"

"ಯಾರೂ ಇಲ್ಲ ಬಾಬಾ."

"ಮತ್ತೆ? ನರಕದ ಭಯವಾ?"

"ನರಕ ಇದೆಯೋ ಇಲ್ವೋ ನನಗೇನು ಗೊತ್ತು? ಇಲ್ಲ ಅಂತ ನೀನೇ ತಾನೆ ಹೇಳ್ಕೊಟ್ಟಿದ್ದು."

"ಮತ್ಯಾಕೆ ಹಸ್ಕೊಂಡು ಸಾಯ್ತೀಯ?"

"ನೀನ್ಯಾಕೆ ಜೈಲಲ್ಲಿ ಹಸ್ಕೊಂಡು ಕೂತಿದ್ದೆ?"

ಉಳಿದ ಮಕ್ಕಳು ಪ್ರವಾದಿಗಳ ಕಥೆ ಕೇಳಿ ಮಲಗಿದರೆ ನಿದಾಲ್ ಅಪ್ಪನ ಜೈಲಿನ ಉಪವಾಸದ ಕಥೆ ಕೇಳಿ ಮಲಗಿದವಳು. ಕಾವಲಿನವನು ಬೇಕೆಂದೇ ಬಿಸಿ ರೊಟ್ಟಿ ತಂದು ಕಂಬಿಯ ಹತ್ತಿರ ಇಡುತ್ತಿದ್ದುದು, ಯಾರೂ ಮುಟ್ಟದೆ ಇದ್ದುದು, ಕೊನೆಕೊನೆಗೆ ಹಸಿವೇ ಹೋಗಿ ಕೋಣೆಯಲ್ಲಿದ್ದ ಅಷ್ಟೂ ಜನ ಒಂದೇ ಜೀವ ಎನ್ನಿಸಿದ್ದು. ಇನ್ನೊಂದ್ಸಲ ಹೇಳು ಬಾಬಾ ಎಂದು ಅವಳು ಪೀಡಿಸುತ್ತಿದ್ದಳು. ಅವನೂ ಬೇಸರವಿಲ್ಲದೆ ಹೇಳುತ್ತಿದ್ದ.

"ಅದು ಬೇರೆ!" ಎಂದು ಮೇಜು ಗುದ್ದಿದ. "ಅದು ಮುಷ್ಕರ!"

"ಅದನ್ನ ಹೇಳುವಾಗ ನಿನ್ನ ಮುಖ ನೋಡಿದೀನಿ ನಾನು. ಮಸೀದಿಯಿಂದ ಬರೋರ ಮುಖದಲ್ಲೂ ಆ ಕಳೆ ಇರಲ್ಲ. ಅದು ನನಗೂ ಬೇಕಿತ್ತು ಬಾಬಾ."

ಮುದುಕನ ಎದೆಗೆ ಒದ್ದಂತಾಯಿತು. ಇಮಾಮನೊಬ್ಬ ಕೆಡಿಸಿದ್ದರೆ ಅವನ ಗಡ್ಡ ಹಿಡಿದು ಜಗ್ಗಬಹುದಿತ್ತು. ತನ್ನ ಮನೆಯೊಳಗೆ ಉಪವಾಸವನ್ನು ತಂದವನು ತಾನೇ ಎಂದರೆ ಯಾರ ಮೇಲೆ ಹರಿಹಾಯುವುದು? ಸಿಟ್ಟು ತಡೆಯದೆ ತನಗೆ ಗೊತ್ತಿದ್ದ ಒಂದೇ ಆಯುಧವನ್ನು ಎತ್ತಿಕೊಂಡ.

"ಹಾಗಾದ್ರೆ ಕೇಳಿಸ್ಕೋ. ನೀನು ಮಧ್ಯಾಹ್ನ ನನ್ನ ಜೊತೆ ಕೂತು ಉಣ್ಣೋ ತನಕ ನಾನೂ ಉಣ್ಣಲ್ಲ. ಸಂಜೇನೂ ಇಲ್ಲ, ರಾತ್ರೀನೂ ಇಲ್ಲ."

"ಸಕ್ಕರೆ ಕಾಯಿಲೆ ಇಟ್ಕೊಂಡು ಇದೇನು ಹುಡುಗಾಟ?"

"ಹುಡುಗಾಟ ಅಲ್ಲ. ಮುಷ್ಕರ."

ಸಂಜೆ ನಿದಾಲ್ ಸೂಪು ತಂದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಿಜಾನಿ ಹಗಲೆಲ್ಲ ಏನನ್ನೂ ಮುಟ್ಟಿಲ್ಲ ಎಂಬುದು ಬೆಳಗಾಗುವುದರೊಳಗೆ ಬೀದಿಗೆಲ್ಲ ತಿಳಿಯಿತು, ಆದರೆ ತಲೆಕೆಳಗಾಗಿ ತಿಳಿಯಿತು. ಮಬ್ರೂಕಾ ಕಣ್ಣೊರೆಸಿಕೊಳ್ಳುತ್ತ ಖರ್ಜೂರದ ತಟ್ಟೆ ಹಿಡಿದು ಬಂದಳು.

"ಕೊನೆಗೂ ದಾರಿಗೆ ಬಂದ್ಯಲ್ಲ ಅಣ್ಣ! ಸಂಜೆ ಉಪವಾಸ ಬಿಡೋಕೆ ಇಟ್ಕೋ."

"ಇದು ನಿಮ್ಮ ಉಪವಾಸ ಅಲ್ಲ ಮಾರಾಯ್ತಿ! ಉಪವಾಸದ ವಿರುದ್ಧ ಕೂತಿರೋ ಉಪವಾಸ!"

"ಆಯ್ತಾಯ್ತು, ಮೊದಮೊದಲು ತಲೆ ಸುತ್ತತ್ತೆ, ಏನೇನೋ ಮಾತಾಡಿಸತ್ತೆ. ಅಭ್ಯಾಸ ಆಗತ್ತೆ ಬಿಡು," ಎಂದು ಅವಳು ತಟ್ಟೆ ಇಟ್ಟು ಹೋದಳು.

ನಿದಾಲಳಿಗೆ ನಗು ಬರಲಿಲ್ಲ. ಯಂತ್ರದ ಮುಂದೆ ಕೂತಳು, ಎದ್ದಳು, ಬಾಗಿಲಿಗೆ ಬಂದು ಎದುರುಮನೆ ನೋಡಿದಳು, ಮತ್ತೆ ಕೂತಳು. ಅಪ್ಪ ಸತ್ತರೆ? ಇದೆಯೋ ಇಲ್ಲವೋ ಎಂದು ತನಗೇ ಗೊತ್ತಿಲ್ಲದ ದೇವರಿಗಾಗಿ ಇರುವ ಒಬ್ಬ ಅಪ್ಪನನ್ನು ಕೊಂದುಕೊಳ್ಳುವುದೇ? ಒಂದು ತುತ್ತು ತಿಂದರೆ ಮುಗಿಯಿತಲ್ಲ. ಆದರೆ ಆ ತುತ್ತಿನ ಜೊತೆ ಏನು ಹೋಗಿಬಿಡುತ್ತದೋ ಎಂಬ ಭಯವೂ ನಿಜವಾದದ್ದೇ. ಕತ್ತರಿಸಬೇಕಾದ ಬಟ್ಟೆ ಹಾಗೇ ಬಿದ್ದಿತ್ತು. ಮಧ್ಯಾಹ್ನದ ಕರೆಯ ಹೊತ್ತಿಗೆ ಮೊದಲೇ ಅಂಗಡಿ ಮುಚ್ಚಿ ಬೀದಿ ದಾಟಿದಳು.

ಅಪ್ಪ ಮೇಜಿನ ಮುಂದೆ ಕೂತಿದ್ದ. ತಾನು ಉಣ್ಣದಿದ್ದರೂ ಅಡುಗೆ ಮಾಡಿದ್ದ, ಇಬ್ಬರಿಗೂ ಬಡಿಸಿದ್ದ. ಸಕ್ಕರೆ ಕಾಯಿಲೆಯ ಬೆಳಗಿನ ಮಾತ್ರೆಯನ್ನು ಮಾತ್ರ ಅಭ್ಯಾಸಬಲದಿಂದ ಬರಿಹೊಟ್ಟೆಯಲ್ಲೇ ನುಂಗಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು. ಮೇಜಿನ ಮೇಲಿಟ್ಟ ಕೈ ತಟ್ಟೆಗೆ ತಾಗಿ ಗಡಗಡ ಸದ್ದಾಗುತ್ತಿತ್ತು.

"ಬಾಬಾ, ನಿನ್ನ ದಮ್ಮಯ್ಯ. ಒಂದು ಖರ್ಜೂರ ಆದ್ರೂ ಬಾಯಿಗೆ ಹಾಕ್ಕೋ."

"ಮೊದಲು... ನೀನು."

ಅವಳು ಇನ್ನು ಯೋಚಿಸಲಿಲ್ಲ. ಚಮಚ ತುಂಬಿ, ಕಣ್ಣು ಮುಚ್ಚಿ, ಬಾಯಿಗಿಟ್ಟುಕೊಂಡಳು. ಬಿಸಿ ಕುಸ್ಕುಸ್, ಕುಂಬಳಕಾಯಿ, ಅಪ್ಪನ ಕೈರುಚಿ. ಒಳಗಿಳಿಯಲಿಲ್ಲ. ಕಣ್ಣಲ್ಲಿ ನೀರು ಸುರಿಯಿತು. ನುಂಗಬೇಕು, ನುಂಗಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಗಲ್ಲಕ್ಕೆ ಏನೋ ತಾಗಿತು. ಕಣ್ಣು ಬಿಟ್ಟಳು. ಅಪ್ಪ ಅಂಗೈಯನ್ನು ಅವಳ ಬಾಯಿಯ ಕೆಳಗೆ ಒಡ್ಡಿದ್ದ.

"ಉಗಿ."

ಅವಳು ಒಲ್ಲೆನೆಂದು ತಲೆಯಾಡಿಸಿದಳು.

"ಉಗಿಯೇ ಅಂದ್ರೆ! ಒಬ್ಬ ಮುದುಕನ ಕೈ ನಡುಗಿತು ಅಂತ ಹೆದರಿ ಮುಷ್ಕರ ಮುರಿಯೋಳನ್ನ ನಾನು ಸಾಕಿಲ್ಲ."

ಅವಳು ಮಗುವಿನ ಹಾಗೆ ಅವನ ಅಂಗೈಗೆ ಉಗಿದಳು. ತುಟಿ ಒರೆಸಿಕೊಂಡು, ಖರ್ಜೂರದ ಬೀಜ ತೆಗೆದು ಅವನ ಬಾಯಿಗಿಟ್ಟಳು. ಇನ್ನೊಂದು ಇಟ್ಟಳು. ಆಮೇಲೆ ಚಮಚ ಹಿಡಿದು ತುತ್ತುತುತ್ತಾಗಿ ಉಣ್ಣಿಸತೊಡಗಿದಳು. ಅವನು ಕಣ್ಣು ಮುಚ್ಚಿ ಅಗಿಯುತ್ತಿದ್ದ. ಮುಖಕ್ಕೆ ನಿಧಾನವಾಗಿ ರಕ್ತ ತಿರುಗಿ ಬಂತು.

"ಅಳ್ತಾ ಕೂರಬೇಡ," ಎಂದ, ಬಾಯಿ ತುಂಬಿರುವಾಗಲೇ. "ಸಂಜೆ ಆಜಾನ್ ಆದಾಗ ನಿನಗೆ ತಿನ್ನೋಕೆ ಏನು ಮಾಡ್ಲಿ, ಹೇಳು."