ಮಾವನ ರಕ್ತಬೋಳ

ನಮ್ಮ ಸೋದರಮಾವ ಬೋರ್ಡು ಬರೆಯುವವರು. ಅಕ್ಷರ ಅಂದರೆ ಮುತ್ತು ಪೋಣಿಸಿದ ಹಾಗೆ. ಮುಖಗಳ ವಿಷಯದಲ್ಲಿ ಮಾತ್ರ ಅಷ್ಟಕ್ಕಷ್ಟೆ. ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ಅವರು ಬರೆದ ನಗುವ ಹೆಂಗಸನ್ನು ನೋಡಿದರೆ, ಪಾಪ, ಈಗ ತಾನೇ ಹಲ್ಲು ಕೀಳಿಸಿಕೊಂಡು ಬಂದವಳು ಅನ್ನಬೇಕು. ಆದರೂ ಪ್ರತಿ ಕ್ರಿಸ್‌ಮಸ್‌ಗೆ ಚರ್ಚಿನ ಪೀಠದ ಹಿಂದಿನ ಪರದೆ ಅವರದೇ. ಬೇರೆಯವರು ಕೈ ಹಾಕಿದರೆ ರಂಪ ಮಾಡಿಬಿಡುತ್ತಾರೆ.

ಆ ವರ್ಷ ಮನೆಯಲ್ಲಿ ಹಬ್ಬದ ಕಳೆಯೇ ಇರಲಿಲ್ಲ. ಅತ್ತೆಗೆ ದೊಡ್ಡ ಕಾಯಿಲೆ ಬಂದು, ಔಷಧಿಯ ಕಾವಿಗೆ ಅಷ್ಟುದ್ದದ ಜಡೆ ಪೂರ್ತಿ ಉದುರಿಹೋಗಿತ್ತು. ಕಾಯಿಲೆಯೇನೋ ಹತೋಟಿಗೆ ಬಂತು, ಅತ್ತೆ ಮಾತ್ರ ಹೊಸಿಲು ದಾಟಲಿಲ್ಲ. ತಲೆಗೆ ಬಿಗಿದ ಬಟ್ಟೆಯನ್ನು ಮಾವನ ಎದುರೂ ಬಿಚ್ಚುತ್ತಿರಲಿಲ್ಲ. "ಹಬ್ಬಕ್ಕಾದ್ರೂ ಚರ್ಚಿಗೆ ಬಾರೇ" ಎಂದು ಮಾವ ಗೋಗರೆದರೆ, "ನನ್ನ ಅವತಾರ ನೋಡೋಕೆ ಟಿಕೆಟ್ ಇಡ್ತೀರಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಪಾದ್ರಿಗಳು ಮಾವನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಈ ಸಲ ಮೂವರು ಜ್ಞಾನಿಗಳನ್ನ ಬರೀರಿ. ಚಿನ್ನ, ಧೂಪ, ರಕ್ತಬೋಳ. ಸಂಕೇತ ದೂರಕ್ಕೂ ಕಾಣ್ಬೇಕು."

ಮಾವ ಹುಟ್ಟಿದಾಗಿನಿಂದ ಚರ್ಚಿಗೆ ಹೋಗುವವರೇ. ಆದರೆ ಅಲ್ಲಿ ಬೈಬಲ್ ವಾಚನ ಶುರುವಾಯಿತೆಂದರೆ ಇವರ ತೂಕಡಿಕೆಯೂ ಶುರು. ಹಾಗಾಗಿ ಪರದೆಯ ಮೇಲೆ ಮೊದಲನೆಯವನಿಗೆ ಮೈತುಂಬ ಚಿನ್ನ ಬಂತು, ಎರಡನೆಯವನ ಸುತ್ತ ಹೊಗೆಯೋ ಹೊಗೆ. ಮೂರನೆಯವನಿಗೆ ರಕ್ತಗೆಂಪು ನಿಲುವಂಗಿ, ಮೇಲೆ ನುಣ್ಣನೆಯ ಬೋಳು ತಲೆ!

"ಇವನ್ಯಾಕ್ರೀ ಹೀಗಿದಾನೆ?" ಪಾದ್ರಿಗಳು ಬೆಚ್ಚಿದರು.

"ನೀವೇ ಅಂದ್ರಲ್ಲ ಫಾದರ್, ರಕ್ತಬೋಳ ಅಂತ!"

ಪಾದ್ರಿಗಳು ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದರು. ನಕ್ಕು ಸುಸ್ತಾದ ಮೇಲೆ ಬಿಡಿಸಿ ಹೇಳಿದರು. ರಕ್ತಬೋಳ ಅಂದರೆ ಮರದ ಸುಗಂಧದ ಅಂಟು, ಆ ಕಾಲದಲ್ಲಿ ಸತ್ತವರ ಮೈಗೆ ಹಚ್ಚುತ್ತಿದ್ದರಂತೆ. ಜ್ಞಾನಿಗಳು ತಂದ ಮೂರು ಕಾಣಿಕೆಗಳಲ್ಲಿ ಅದೂ ಒಂದು; ಆಗ ತಾನೇ ಹುಟ್ಟಿದ ದೇವರ ಕೂಸಿಗೆ ಅದನ್ನು ಕೊಟ್ಟರೆ, ಮುಂದೆ ಅನುಭವಿಸಬೇಕಾದ ನೋವಿನ ಸಂಕೇತ. "ಕೈಗೊಂದು ಭರಣಿ ಕೊಡಿ, ತಲೆಗೊಂದು ಪೇಟ ಸುತ್ತಿಬಿಡಿ" ಎಂದರು.

ಏಣಿ ಹಿಡಿಯಲು ಹೋಗಿದ್ದ ನನ್ನ ಬಾಯಿಗೆ ಬೀಗ ಎಲ್ಲಿದೆ? ಮನೆಗೆ ಬಂದವಳೇ ಅತ್ತೆಗೆ ಎಲ್ಲ ಒಪ್ಪಿಸಿಬಿಟ್ಟೆ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು.

"ಪೇಟ ಸುತ್ತಿಬಿಡ್ತಾರಂತಾ?"

"ಹೂಂ ಅತ್ತೆ, ನಾಳೆ."

"ಅದಕ್ಕೆ ಮೊದ್ಲೇ ನಾನು ನೋಡ್ಬೇಕು. ಕರ್ಕೊಂಡು ಹೋಗ್ತೀಯಾ?"

ಅವತ್ತೇ ಮಧ್ಯಾಹ್ನ ಚರ್ಚು ಖಾಲಿ ಇರುವ ಹೊತ್ತಿಗೆ ಹೋದೆವು. ಮಾವ ಏಣಿಯ ಮೇಲೆ ಬ್ರಷ್ ಹಿಡಿದು ನಿಂತಿದ್ದರು. ಅತ್ತೆಯನ್ನು ಕಂಡು ಏಣಿಯಿಂದ ಬೀಳುವುದೊಂದು ಬಾಕಿ.

"ರೀ, ಭರಣಿ ಕೊಡಿ, ಪೇಟ ಬೇಡ. ಆದ್ರೆ ಇದೇನು, ತಲೆ ಅಂದ್ರೆ ಕುಂಬಳಕಾಯಿ ಬರೆದಿಟ್ಟಿದೀರ? ಬೋಳು ತಲೆ ಹೀಗಿರತ್ತಾ?"

"ನಾನೆಲ್ಲಿ ನೋಡಿದೀನೇ ಹತ್ತಿರದಿಂದ!" ಎಂದುಬಿಟ್ಟು ಮಾವ ನಾಲಿಗೆ ಕಚ್ಚಿಕೊಂಡರು.

ಅತ್ತೆ ಸ್ಟೂಲನ್ನು ಕಿಟಕಿಯ ಬೆಳಕಿಗೆ ಎಳೆದು ಕೂತರು. ಗಂಟಿನ ಮೇಲೆ ಬೆರಳು ಸ್ವಲ್ಪ ಹೊತ್ತು ತಡೆಯಿತು. ಆಮೇಲೆ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು.

"ಸರಿಯಾಗಿ ನೋಡ್ಕೊಂಡು ಬರೀರಿ."

ಮಾವ ಇಳಿದು ಬಂದು ಸುತ್ತ ಒಂದು ಸುತ್ತು ಹಾಕಿದರು. "ಕಿವಿ ಹಿಂದೆ ಒಂದು ಮಚ್ಚೆ ಇದೆ ಕಣೇ. ಇಷ್ಟು ವರ್ಷ ಸಂಸಾರ ಮಾಡಿದೀನಿ, ಗೊತ್ತೇ ಇರಲಿಲ್ಲ."

"ಅದನ್ನೂ ಬರೀರಿ."

ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಪಾದ್ರಿಗಳು ಒಳಗೆ ಬಂದವರು ಅಲ್ಲೇ ನಿಂತರು. ಅತ್ತೆಯ ಕೈ ಬಟ್ಟೆಯನ್ನು ಗಟ್ಟಿಯಾಗಿ ಹಿಡಿಯಿತು. ಆದರೆ ಕೈ ಮೇಲೆ ಏಳಲಿಲ್ಲ.

"ಫಾದರ್, ನಾನು ತಿರುಗಿ ನೋಡೋ ಹಾಗಿಲ್ಲ, ಅಲ್ಲಾಡಿದ್ರೆ ಇವ್ರು ಬೈತಾರೆ" ಎಂದರು ಅತ್ತೆ. "ಹಬ್ಬದ ದಿನ ಮುಂದಿನ ಬೆಂಚಲ್ಲಿ ನನಗೊಂದು ಜಾಗ ಇಡಿ."