ಏನಿಲ್ರೀ, ಗ್ಯಾಸು

ಇವತ್ತು ಶಿಕಾರಿಪುರದ ಕ್ಲಿನಿಕ್ಕಿನಲ್ಲಿ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೇ ಸಿಟ್ಟು ನೆತ್ತಿಗೇರಿತು.

ಚಿಕ್ಕವಳಿದ್ದಾಗ ಅಪ್ಪ, ಅವ್ವನ ಜೊತೆ ತಾಳಗುಂದದಿಂದ ಬಸ್ಸು ಹತ್ತಿ ಇಂಥದೇ ಕ್ಲಿನಿಕ್ಕಿಗೆ ಬಂದಿದ್ದೆ. ಅವ್ವ ನೋವು ತಡೆಯಲು ಹಳೇ ಸೀರೆಯ ತುಂಡನ್ನು ಹೊಟ್ಟೆಗೆ ಬಿಗಿದುಕೊಂಡಿದ್ದಳು.

"ಏನಾಗ್ತದಮ್ಮಾ?" ಡಾಕ್ಟರು ಕೇಳಿದರು.

"ಏನಿಲ್ರೀ, ಗ್ಯಾಸು. ಹೊತ್ತಿಗೆ ಸರಿಯಾಗಿ ಉಣ್ಣಲ್ಲ," ಅಂದ ಅಪ್ಪ.

ಅವ್ವನ ಮುಟ್ಟು ತಿಂಗಳಿಡೀ ನಿಲ್ಲುತ್ತಿರಲಿಲ್ಲ. ಅದು ಅಪ್ಪನಿಗೆ ಗೊತ್ತಿರಲಿಲ್ಲ, ಹಿತ್ತಿಲಲ್ಲಿ ಅವಳ ಬಟ್ಟೆಗೆ ನೀರು ಹೊಯ್ಯುತ್ತಿದ್ದ ನನಗೆ ಗೊತ್ತಿತ್ತು. ಅವ್ವ ನೆಲ ನೋಡುತ್ತಾ ಕೂತಳು. ಡಾಕ್ಟರು ಇನ್ನೊಂದು ಮಾತು ಕೇಳದೆ ಗ್ಯಾಸಿನ ಗುಳಿಗೆ ಬರೆದರು. ಗರ್ಭಕೋಶದ ಗಡ್ಡೆ ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು.

ಬಾಯಿಬಿಡದ ಅವ್ವನ ಮೇಲೂ ನನಗೆ ಸಿಟ್ಟಿತ್ತು.

ಇವತ್ತು ಹೊಟ್ಟೆನೋವು ನನ್ನದು, ಜೊತೆಗೆ ಬಂದವನು ಗಂಡ. "ಎಷ್ಟು ದಿನದಿಂದ?" ಎಂದು ಡಾಕ್ಟರು ನನ್ನನ್ನೇ ಕೇಳಿದರು. ನಾನು ಗಂಡನ ಮುಖ ನೋಡಿದೆ.